ಓಡುವ ಇಲಿಗೆ ಉನ್ಮಾದವೇ? ಸುಮ್ಮನಾದ ಇಲಿಗೆ ಗುಣವಾಯಿತೇ?

ಆಸ್ಟ್ರೇಲಿಯಾದ ಮೆಲ್ಬರ್ನ್ ಹತ್ತಿರದ ಬಂಡೂರಾದಲ್ಲಿ ಎರಡನೇ ಮಹಾಯುದ್ಧ ಮುಗಿದ ಮೇಲೆ ಜಾನ್ ಕೇಡ್ ಎಂಬ ಮನೋವೈದ್ಯರು ಆಸ್ಪತ್ರೆಯ ಒಂದು ಪುಟ್ಟ ಕೋಣೆಯಲ್ಲಿ ಗಿನಿಪಿಗ್‌ಗಳಿಗೆ ಚುಚ್ಚುಮದ್ದು ಕೊಡುತ್ತಿದ್ದರು. ಉನ್ಮಾದದಲ್ಲಿರುವವರ ಮೂತ್ರದಲ್ಲಿ ಏನೋ ವಿಷ ಇರಬೇಕು ಎಂಬುದು ಅವರ ಊಹೆ. ಅದನ್ನು ಪರೀಕ್ಷಿಸಲು ಯೂರಿಕ್ ಆಮ್ಲ ಬೇಕಿತ್ತು, ಆದರೆ ಅದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಯೂರೇಟ್ ಲವಣಗಳಲ್ಲಿ ಚೆನ್ನಾಗಿ ಕರಗುವುದು ಲಿಥಿಯಂ ಯೂರೇಟ್. ಹಾಗಾಗಿ ಲಿಥಿಯಂ ಈ ಕಥೆಯೊಳಗೆ ಬಂದದ್ದು ಕರಗುವ ಗುಣವೊಂದರಿಂದಲೇ, ಮದ್ದಾಗಿ ಅಲ್ಲ. ಆಮೇಲೆ ಬರೀ ಲಿಥಿಯಂ ಕಾರ್ಬೊನೇಟ್ ಚುಚ್ಚಿ ನೋಡಿದಾಗ ಎರಡು ಗಂಟೆಯ ಹೊತ್ತಿಗೆ ಗಿನಿಪಿಗ್‌ಗಳು ಮಂಕಾದವು. ಅಂಗಾತ ಮಲಗಿಸಿದರೂ ಒದ್ದಾಡದೆ ಬಿದ್ದುಕೊಂಡವು. ಕೇಡ್ ಮೊದಲು ತಾವೇ ಲಿಥಿಯಂ ತೆಗೆದುಕೊಂಡು ನೋಡಿದರು. 1948ರ ಮಾರ್ಚ್‌ನಲ್ಲಿ, ಐದು ವರ್ಷದಿಂದ ಉನ್ಮಾದದಲ್ಲೇ ಇದ್ದ 51 ವರ್ಷದ ರೋಗಿಯೊಬ್ಬರಿಗೆ ಕೊಟ್ಟರು. ಆತ ಕೆಲವು ತಿಂಗಳಲ್ಲೇ ಮನೆಗೆ ಹೋಗುವಷ್ಟು ಸುಧಾರಿಸಿದರು. ಹತ್ತು ಉನ್ಮಾದ ರೋಗಿಗಳ ವಿವರವಿದ್ದ ವರದಿ 1949ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾಯಿತು. ಉನ್ಮಾದವೂ ಖಿನ್ನತೆಯೂ ಒಬ್ಬರಲ್ಲೇ ಬಂದು ಹೋಗುವ ಬೈಪೋಲಾರ್ ಕಾಯಿಲೆಗೆ ಇಂದಿಗೂ ಲಿಥಿಯಂ ಮುಖ್ಯ ಮದ್ದುಗಳಲ್ಲೊಂದು.

ಮದ್ದು ನಿಜ, ಅದರಿಂದ ಉಳಿದ ಜೀವಗಳೂ ನಿಜ. ಆದರೆ ಆ ಗಿನಿಪಿಗ್‌ಗಳಿಗೆ ಆಗಿದ್ದೇನು? ಅವು ಶಾಂತವಾಗಿರಲಿಲ್ಲ, ಬಹುಮಟ್ಟಿಗೆ ಲಿಥಿಯಂ ಅತಿಯಾಗಿ ವಿಷವೇರಿ ಜಡವಾಗಿದ್ದವು ಎಂಬುದೇ ನಂತರ ಲೆಕ್ಕ ಹಾಕಿದ ಅನೇಕರ ಅಭಿಪ್ರಾಯ. ತಪ್ಪಾಗಿ ಓದಿದ ಪ್ರಾಣಿ ಸರಿಯಾದ ಮದ್ದಿನತ್ತ ಕೈ ತೋರಿಸಿತು. ಪ್ರಾಣಿಗಳಲ್ಲಿ ಬೈಪೋಲಾರ್ ಅಧ್ಯಯನ ಮಾಡುವ ಪ್ರತಿಯೊಬ್ಬರ ಮುಂದೆಯೂ ಇದೇ ಪ್ರಶ್ನೆ ಇಂದಿಗೂ ನಿಂತಿದೆ. ಸುಮ್ಮನಾದ ಪ್ರಾಣಿಗೆ ಗುಣವಾಯಿತೋ, ಅಥವಾ ಮೈ ಹುಷಾರು ತಪ್ಪಿತೋ? ಓಡಾಡುವ ಪ್ರಾಣಿಗೆ ಉನ್ಮಾದವೋ, ಅಥವಾ ಅದು ಬರೀ ಓಡಾಡುತ್ತಿದೆಯೋ?

ಮನುಷ್ಯರಲ್ಲಿ ಈ ಕಾಯಿಲೆಯನ್ನು ಗುರುತಿಸುವುದು ಮಾತಿನಿಂದ. ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಅದನ್ನು ತೋರಿಸಿಕೊಡುವುದಿಲ್ಲ. ಎಷ್ಟು ದಿನದಿಂದ ನಿದ್ದೆಯಿಲ್ಲ, ನಿದ್ದೆಯಿಲ್ಲದಿದ್ದರೂ ದಣಿವೇಕಿಲ್ಲ, ಯೋಚನೆಗಳು ಒಂದರ ಹಿಂದೊಂದು ನುಗ್ಗುತ್ತಿವೆಯೇ, ನನ್ನಿಂದ ಆಗದ್ದೇ ಇಲ್ಲ ಅನ್ನಿಸುತ್ತಿದೆಯೇ ಎಂದು ವೈದ್ಯರು ರೋಗಿಯನ್ನು ಕೇಳುತ್ತಾರೆ. ಸಾಲ ಮಾಡಿ ಖರ್ಚು ಮಾಡಿದರೇ, ಸುಮ್ಮಸುಮ್ಮನೆ ಜಗಳ ತೆಗೆದರೇ ಎಂದು ಮನೆಯವರನ್ನು ಕೇಳುತ್ತಾರೆ. ಇಂಥ ಸ್ಥಿತಿ ಒಂದು ವಾರವಾದರೂ ಉಳಿದರೆ ಉನ್ಮಾದ ಎನ್ನುತ್ತಾರೆ. ಖಿನ್ನತೆಗೆ ಎರಡು ವಾರದ ಅಳತೆ. ಎರಡೂ ಒಬ್ಬರಲ್ಲೇ ಬೇರೆ ಬೇರೆ ಕಾಲದಲ್ಲಿ ಬಂದು, ನಡುವೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಎಲ್ಲ ಸರಿಯಿರುವುದೂ ಉಂಟು. ಇಲಿಯಲ್ಲಿ ಇದರಲ್ಲಿ ಕಾಣಸಿಗುವುದು ಕೆಲವು ಮಾತ್ರ: ಓಡಾಟ, ನಿದ್ದೆ, ಅಪಾಯಕ್ಕೆ ಹೆದರದಿರುವುದು, ಸಿಹಿಯ ಅಥವಾ ಮಾದಕವಸ್ತುವಿನ ಸೆಳೆತ, ಜಗಳಗಂಟಿತನ. ತಾನೇ ದೊಡ್ಡವನೆಂಬ ಭ್ರಮೆ, ತಪ್ಪಿತಸ್ಥ ಭಾವ, ಸಾಯುವ ಯೋಚನೆ ಯಾವ ಪಂಜರದಲ್ಲೂ ಅಳತೆಗೆ ಸಿಗುವುದಿಲ್ಲ. ‘ಬೈಪೋಲಾರ್ ಇಲಿ’ ಎಂದು ಸುದ್ದಿಯಲ್ಲಿ ಬಂದರೆ, ಕಾಯಿಲೆಯ ಒಂದೆರಡು ತುಣುಕುಗಳನ್ನು ತೋರುವ ಇಲಿ ಎಂದು ಓದಿಕೊಳ್ಳಬೇಕು.

ಯಾವುದೇ ಮಾದರಿ ಪ್ರಾಣಿಯನ್ನು ತೂಗಿ ನೋಡಲು ಮೂರು ಪ್ರಶ್ನೆಗಳ ರೂಢಿ 1980ರ ದಶಕದಿಂದ ನಡೆದು ಬಂದಿದೆ. ನೋಡಲು ಕಾಯಿಲೆಯಂತಿದೆಯೇ? ಮನುಷ್ಯರಲ್ಲಿ ಕಾಯಿಲೆ ಹುಟ್ಟುವ ಕಾರಣದಿಂದಲೇ ಇದರಲ್ಲೂ ಹುಟ್ಟಿದೆಯೇ? ಮನುಷ್ಯರಿಗೆ ಕೆಲಸ ಮಾಡುವ ಮದ್ದು ಇದಕ್ಕೂ ಕೆಲಸ ಮಾಡಿ, ಮಾಡದ ಮದ್ದು ಮಾಡದೇ ಉಳಿಯುತ್ತದೆಯೇ? ಮೂರನೆಯ ಪ್ರಶ್ನೆಯ ಕೊನೆಯ ಅರ್ಧವನ್ನು ಹೆಚ್ಚಿನವರು ಮರೆಯುತ್ತಾರೆ. ಇಲಿಯನ್ನು ತಟಸ್ಥಗೊಳಿಸುವ ಯಾವ ಮದ್ದಾದರೂ ‘ಕೆಲಸ ಮಾಡಿದರೆ’, ಆ ಪರೀಕ್ಷೆ ಅಳೆಯುತ್ತಿರುವುದು ನಿದ್ದೆಮಂಪರನ್ನು.

ಆಂಫೆಟಮಿನ್ ಪ್ರಯೋಗ ಹೇಗೆ ನಡೆಯುತ್ತದೆ

ಅತಿ ಹೆಚ್ಚು ಬಳಕೆಯಲ್ಲಿರುವ ಉನ್ಮಾದ ಮಾದರಿ ಇದು. ಆಂಫೆಟಮಿನ್ ಎಂಬ ಉತ್ತೇಜಕ ಮಾದಕವಸ್ತು ಮೆದುಳಿನಲ್ಲಿ ಸಂದೇಶ ಒಯ್ಯುವ ಡೋಪಮೈನ್ ಎಂಬ ರಾಸಾಯನಿಕವನ್ನು ನರಕೋಶಗಳ ಹೊರಗೆ ಚೆಲ್ಲಿಸುತ್ತದೆ. ಮನುಷ್ಯರಲ್ಲಿ ಅದು ಉನ್ಮಾದವನ್ನು ಹೋಲುವ ಸ್ಥಿತಿ ತರಬಲ್ಲದು ಎಂಬುದೇ ಇದರ ಆಧಾರ. ಭಾರತದಲ್ಲಿ ಆಂಫೆಟಮಿನ್ 1985ರ ಮಾದಕವಸ್ತು ಕಾಯ್ದೆಯಡಿ ಬರುವುದರಿಂದ ಅನುಮತಿ, ಬೀಗದ ಕಪಾಟು, ಪ್ರತಿ ಮಿಗ್ರಾಂ ದಾಖಲೆ ಎಲ್ಲವೂ ಬೇಕು.

ಸಾಮಾನ್ಯವಾಗಿ 250ರಿಂದ 350 ಗ್ರಾಂ ತೂಗುವ ವಿಸ್ಟಾರ್ ತಳಿಯ ಇಲಿಗಳನ್ನು ಆರಿಸುತ್ತಾರೆ. ಲ್ಯಾಬಿನಲ್ಲಿ ರ‍್ಯಾಟ್ ಎನ್ನುವುದು ಇದನ್ನೇ. ಮೌಸ್ ಎಂದರೆ 25-30 ಗ್ರಾಂನ ಚಿಟ್ಟಿಲಿ. ಎರಡರ ಡೋಸೂ ವರ್ತನೆಯೂ ಬೇರೆ, ಕನ್ನಡದಲ್ಲಿ ಎರಡಕ್ಕೂ ಇಲಿ ಎಂದುಬಿಡುವುದರಿಂದ ಈ ವ್ಯತ್ಯಾಸ ಹೇಳಿಟ್ಟುಕೊಳ್ಳುವುದು ಒಳ್ಳೆಯದು. ಪ್ರಯೋಗ 14 ದಿನದ್ದು. ದಿನಕ್ಕೊಮ್ಮೆ ಪ್ರತಿ ಕಿಲೋ ತೂಕಕ್ಕೆ 2 ಮಿಗ್ರಾಂ ಆಂಫೆಟಮಿನ್ ಹೊಟ್ಟೆಯ ಪೊರೆಯೊಳಗೆ ಚುಚ್ಚುತ್ತಾರೆ. ಕಿಲೋಗೆ 1 ಮಿಲೀ ದ್ರಾವಣದ ಲೆಕ್ಕವಿಟ್ಟರೆ 300 ಗ್ರಾಂನ ಇಲಿಗೆ 0.3 ಮಿಲೀ, ಅದರಲ್ಲಿ 0.6 ಮಿಗ್ರಾಂ ಮದ್ದು. ಎಂಟನೇ ದಿನದಿಂದ ಹದಿನಾಲ್ಕನೇ ದಿನದವರೆಗೆ, ಆಂಫೆಟಮಿನ್ ನಿಲ್ಲಿಸದೆಯೇ, ದಿನಕ್ಕೆರಡು ಸಲ ಕಿಲೋಗೆ 47.5 ಮಿಗ್ರಾಂ ಲಿಥಿಯಂ ಅಥವಾ ಉನ್ಮಾದಕ್ಕೆ ಕೊಡುವ ಇನ್ನೊಂದು ಮದ್ದಾದ ವಾಲ್‌ಪ್ರೋಯೇಟ್ 200 ಮಿಗ್ರಾಂ ಸೇರಿಸುತ್ತಾರೆ. ಇದು ‘ಬಂದ ಉನ್ಮಾದ ಇಳಿಸುವ’ ಕ್ರಮ. ‘ಬರದಂತೆ ತಡೆಯುವ’ ಕ್ರಮದಲ್ಲಿ ಅನುಕ್ರಮ ತಿರುಗುತ್ತದೆ: ಮೊದಲ ದಿನದಿಂದಲೇ ಲಿಥಿಯಂ, ಎಂಟನೇ ದಿನದಿಂದ ಆಂಫೆಟಮಿನ್. ಕೊನೆಯ ಚುಚ್ಚುಮದ್ದಾದ ಎರಡು ಗಂಟೆಗೆ ಇಲಿಯನ್ನು ತೆರೆದ ಪೆಟ್ಟಿಗೆಯಲ್ಲಿ ಬಿಟ್ಟು ಐದು ನಿಮಿಷದಲ್ಲಿ ಎಷ್ಟು ಚೌಕ ದಾಟಿತು, ಎಷ್ಟು ಸಲ ಹಿಂಗಾಲ ಮೇಲೆ ನಿಂತಿತು ಎಂದು ಎಣಿಸುತ್ತಾರೆ.

ಗುಂಪುಗಳು ನಾಲ್ಕು ಬೇಕೇ ಬೇಕು. ಉಪ್ಪುನೀರು ಮಾತ್ರ, ಆಂಫೆಟಮಿನ್ ಮಾತ್ರ, ಎರಡೂ ಮದ್ದು, ಮತ್ತು ಲಿಥಿಯಂ ಮಾತ್ರ. ಪ್ರಾಣಿ ಉಳಿಸುವ ನೆಪದಲ್ಲಿ ನಾಲ್ಕನೆಯದನ್ನು ಬಿಟ್ಟ ಪ್ರಯೋಗ ನಿಜದಲ್ಲಿ ಉಳಿದೆಲ್ಲ ಪ್ರಾಣಿಗಳನ್ನೂ ವ್ಯರ್ಥ ಮಾಡುತ್ತದೆ. ಯಾಕೆಂದರೆ ಲಿಥಿಯಂ ಪಡೆದ ಆರೋಗ್ಯವಂತ ಇಲಿಯೂ ಅಷ್ಟೇ ನಿಧಾನವಾಗಿದ್ದರೆ, ಲಿಥಿಯಂ ಉನ್ಮಾದವನ್ನು ಇಳಿಸಿತು ಎನ್ನಲು ಆಧಾರವೇ ಉಳಿಯುವುದಿಲ್ಲ. ಈ ಅನುಮಾನಕ್ಕೆ ಗಟ್ಟಿ ಕಾರಣವಿದೆ. ರುಚಿಯ ನೆನಪನ್ನು ಅಧ್ಯಯನ ಮಾಡುವ ಲ್ಯಾಬುಗಳಲ್ಲಿ ಇಲಿಗೆ ಬೇಕೆಂದೇ ಹೊಟ್ಟೆ ತೊಳಸಲು ಚುಚ್ಚುವುದೂ ಲಿಥಿಯಂನ ಲವಣವಾದ ಲಿಥಿಯಂ ಕ್ಲೋರೈಡನ್ನೇ. ಇಲಿಗೆ ವಾಂತಿ ಮಾಡಲು ಬಾರದು. ಹಾಗಾಗಿ ಅದರ ಸಂಕಟ ಹೊರಗೆ ಕಾಣುವುದಿಲ್ಲ. ಮೂಲೆಯಲ್ಲಿ ಮುದುಡಿ ಕೂತ ಇಲಿ ಕ್ಯಾಮೆರಾದ ಲೆಕ್ಕದಲ್ಲಿ ‘ಶಾಂತ’ವಾಗಿರುತ್ತದೆ.

ಇದಕ್ಕೆ ತದ್ವಿರುದ್ಧ ದಿಕ್ಕಿನ ಮೋಸವೂ ಇದೆ. ಆಂಫೆಟಮಿನ್ ಡೋಸ್ ಏರಿದಂತೆ ಇಲಿಯ ಓಡಾಟ ಏರುತ್ತಾ ಹೋಗುವುದಿಲ್ಲ. ಒಂದು ಮಟ್ಟ ದಾಟಿದ ಮೇಲೆ, ಕಿಲೋಗೆ ಸುಮಾರು 5 ಮಿಗ್ರಾಂನಿಂದ ಮೇಲೆ, ಅದು ನಿಂತಲ್ಲೇ ನಿಂತು ಮೂಸುತ್ತದೆ, ತಲೆಯಾಡಿಸುತ್ತದೆ, ಕಂಬಿ ಕಡಿಯುತ್ತದೆ. ಕ್ರಮಿಸಿದ ದೂರವನ್ನಷ್ಟೇ ಅಳೆಯುವ ಯಂತ್ರಕ್ಕೆ ಇದೂ ‘ಇಳಿಕೆ’ಯಂತೆ ಕಾಣುತ್ತದೆ. ಪರೀಕ್ಷಿಸುತ್ತಿರುವ ಹೊಸ ಮದ್ದು ಆಂಫೆಟಮಿನ್ ದೇಹದಲ್ಲಿ ಒಡೆದು ಇಲ್ಲವಾಗುವುದನ್ನು ತಡೆದರೆ, ಮೆದುಳಿನ ಮಟ್ಟ ಏರಿ, ಇಲಿ ಓಡುವುದು ಬಿಟ್ಟು ಕಡಿಯಲು ಶುರು ಮಾಡುತ್ತದೆ. ವರದಿಯಲ್ಲಿ ಅದು ಯಶಸ್ಸಾಗಿ ದಾಖಲಾಗುವ ಅಪಾಯವಿದೆ. ವೀಡಿಯೊವನ್ನು ಕಣ್ಣಿಂದ ನೋಡದೆ ಇಲಿ ಬೆಳಕಿನ ಕಿರಣವನ್ನು ಎಷ್ಟು ಸಲ ಅಡ್ಡಹಾಯಿತು ಎಂಬ ಯಂತ್ರದ ಎಣಿಕೆಯನ್ನಷ್ಟೇ ನಂಬುವುದು ಈ ಕ್ಷೇತ್ರದ ಹಳೆಯ ದುಶ್ಚಟ.

ಇನ್ನೊಂದು ತೊಡಕು, ಸ್ಕಿಜೋಫ್ರೇನಿಯಾಕ್ಕೆ ಕೊಡುವ, ಡೋಪಮೈನ್ ತಡೆಯುವ ಹ್ಯಾಲೋಪೆರಿಡಾಲ್‌ನಂಥ ಮದ್ದೂ ಈ ಓಡಾಟವನ್ನು ನಿಲ್ಲಿಸುತ್ತದೆ. ಇದೇ ಆಂಫೆಟಮಿನ್ ಇಲಿಯನ್ನು ಸ್ಕಿಜೋಫ್ರೇನಿಯಾದ ಮಾದರಿಯೆಂದೂ ಬಳಸುತ್ತಾರೆ. ಡೋಪಮೈನ್ ಹೆಚ್ಚಾದಾಗ ಏನಾಗುತ್ತದೆ ಎಂಬ ಪ್ರಶ್ನೆಗೆ ಇದು ಒಳ್ಳೆಯ ಸಾಧನ. ಬೈಪೋಲಾರ್ ಯಾಕೆ ಬರುತ್ತದೆ ಎಂಬ ಪ್ರಶ್ನೆಗೆ ಅಲ್ಲ.

ಆಂಫೆಟಮಿನ್ ಅಲ್ಲದೆ ಬೇರೆ ದಾರಿಗಳೂ ಇವೆ. ವಾಬೈನ್ ಎಂಬ ಸಸ್ಯವಿಷವನ್ನು ಇಲಿಯ ಮೆದುಳಿನ ದ್ರವದೊಳಕ್ಕೆ ಕೆಲವೇ ಮೈಕ್ರೋಲೀಟರ್ ಬಿಟ್ಟರೆ ಕೋಶಗಳ ಸೋಡಿಯಂ-ಪೊಟ್ಯಾಶಿಯಂ ಪಂಪು ನಿಂತು ಓಡಾಟ ಏರುತ್ತದೆ. ಇನ್ನೊಂದು ದಾರಿ ನಿದ್ದೆ ಕೆಡಿಸುವುದು. ಸುತ್ತ ನೀರಿರುವ ಅಂಗೈಗಿಂತ ಚಿಕ್ಕ ದಿಣ್ಣೆಯ ಮೇಲೆ ಇಲಿಯನ್ನು 72 ಗಂಟೆ ಇಟ್ಟರೆ, ಕನಸು ಕಾಣುವ ಹಂತದ ನಿದ್ದೆಯಲ್ಲಿ ಸ್ನಾಯು ಸಡಿಲವಾದ ಕೂಡಲೇ ನೀರಿಗೆ ಜಾರಿ ಎಚ್ಚರವಾಗುತ್ತದೆ. ಪಂಜರಕ್ಕೆ ಮರಳಿಸಿದಾಗ ಮಲಗುವ ಬದಲು ಅರ್ಧ ಗಂಟೆಯಷ್ಟು ಹೊತ್ತು ಹುಚ್ಚೆದ್ದು ಓಡಾಡುತ್ತದೆ. ನಿದ್ದೆಗೆಟ್ಟರೆ ಉನ್ಮಾದ ಕೆರಳುವ ರೋಗಿಗಳ ಅನುಭವಕ್ಕೆ ಇದು ಹತ್ತಿರ. ಆದರೆ ಅಳೆಯಲು ಸಿಗುವುದು ಆ ಅರ್ಧ ಗಂಟೆ ಮಾತ್ರ, ಮತ್ತು ಒದ್ದೆಯಾಗಿ ಒಂಟಿಯಾಗಿ ಮೂರು ದಿನ ಕಳೆದ ಪ್ರಾಣಿಯ ಬೇಗುದಿಯನ್ನು ನಿದ್ದೆಗೇಡಿನಿಂದ ಬೇರ್ಪಡಿಸುವುದು ಕಷ್ಟ.

ಲಿಥಿಯಂ ಮಟ್ಟ: ಇಲ್ಲೇ ಹೆಚ್ಚು ಪ್ರಯೋಗಗಳು ಎಡವುತ್ತವೆ

ರೋಗಿಗಳಲ್ಲಿ ಕೊನೆಯ ಮಾತ್ರೆ ನುಂಗಿದ 12 ಗಂಟೆಗೆ ರಕ್ತ ತೆಗೆದು, ಲೀಟರಿಗೆ ಸುಮಾರು 0.6ರಿಂದ 1.0 ಮಿಲಿಮೋಲ್ ಇರುವಂತೆ ನೋಡಿಕೊಳ್ಳುತ್ತಾರೆ. 1.5 ದಾಟಿದರೆ ವಿಷದ ಲಕ್ಷಣ ಶುರುವಾಗಬಹುದು. ಚಿಟ್ಟಿಲಿಯ ಮೂತ್ರಪಿಂಡ ಲಿಥಿಯಂ ಅನ್ನು ಕೆಲವೇ ಗಂಟೆಯಲ್ಲಿ ಅರ್ಧಕ್ಕೆ ಇಳಿಸುತ್ತದೆ, ಮನುಷ್ಯರಲ್ಲಿ ಅದಕ್ಕೆ ಒಂದು ದಿನದಷ್ಟು ಹೊತ್ತು ಬೇಕು. ಆದ್ದರಿಂದ ದಿನಕ್ಕೊಂದು ಚುಚ್ಚುಮದ್ದು ಕೊಟ್ಟರೆ ಮಟ್ಟ ಒಮ್ಮೆ ವಿಷದ ಗಡಿ ಮುಟ್ಟಿ, ಸಂಜೆಗೆ ಹೆಚ್ಚುಕಡಿಮೆ ಸೊನ್ನೆಗಿಳಿಯುತ್ತದೆ. ಯಾವ ರೋಗಿಯೂ ಅಂಥ ಏರಿಳಿತದಲ್ಲಿ ಬದುಕುವುದಿಲ್ಲ.

ಹಾಗಾಗಿ ದೀರ್ಘಕಾಲದ ಪ್ರಯೋಗಕ್ಕೆ ಆಹಾರದಲ್ಲಿ ಬೆರೆಸುವುದೇ ಮೇಲು. ಒಂದು ಕಿಲೋ ಆಹಾರಕ್ಕೆ 2ರಿಂದ 2.4 ಗ್ರಾಂ ಲಿಥಿಯಂ ಕಾರ್ಬೊನೇಟ್ ಎಂಬುದು ರೂಢಿಯ ಪ್ರಮಾಣ. ದಿನಕ್ಕೆ 4 ಗ್ರಾಂ ತಿನ್ನುವ 28 ಗ್ರಾಂನ ಚಿಟ್ಟಿಲಿಗೆ 2.4 ಗ್ರಾಂ ಲೆಕ್ಕದಲ್ಲಿ ದಿನಕ್ಕೆ 9.6 ಮಿಗ್ರಾಂ ಸೇರುತ್ತದೆ. ಕಿಲೋ ತೂಕಕ್ಕೆ ಹೆಚ್ಚುಕಡಿಮೆ 340 ಮಿಗ್ರಾಂ ಆಯಿತು. 60 ಕಿಲೋ ತೂಗುವವರು ದಿನಕ್ಕೆ 900 ಅಥವಾ 1200 ಮಿಗ್ರಾಂ ನುಂಗುವುದರ ಎದುರು ಇದು ಸುಮಾರು 20 ಪಟ್ಟು. ಓದುವವರಿಗೆ ಗಾಬರಿಯಾಗುವ ಅಂಕಿ ಇದು, ಆದರೂ ರಕ್ತದ ಮಟ್ಟ ಮನುಷ್ಯರ ಮಟ್ಟದ ಹತ್ತಿರವೇ ಬರುತ್ತದೆ. ಹೋಲಿಸಬೇಕಾದದ್ದು ರಕ್ತದ ಮಟ್ಟವನ್ನು, ನುಂಗಿದ ಮಿಗ್ರಾಂ ಅನ್ನಲ್ಲ.

ಶುರುವಿನಲ್ಲೇ ಪೂರ್ಣ ಪ್ರಮಾಣ ಬೆರೆಸಿದರೆ ರುಚಿ ಹಿಡಿಸದೆ ಚಿಟ್ಟಿಲಿ ತಿನ್ನುವುದನ್ನೇ ಬಿಡುತ್ತದೆ. ಮೊದಲ ವಾರ ಕಡಿಮೆ ಬೆರೆಸಿ ಆಮೇಲೆ ಏರಿಸಬೇಕು, ದಿನವೂ ತೂಕ ನೋಡಬೇಕು. ಲಿಥಿಯಂ ಮೂತ್ರಪಿಂಡ ನೀರು ಹಿಡಿದಿಡದಂತೆ ಮಾಡುವುದರಿಂದ ಪ್ರಾಣಿ ವಿಪರೀತ ಉಚ್ಚೆ ಹೊಯ್ದು ವಿಪರೀತ ನೀರು ಕುಡಿಯುತ್ತದೆ. ಪಂಜರದ ಹಾಸು ಎರಡೇ ದಿನಕ್ಕೆ ತೊಪ್ಪೆಯಾಗುತ್ತದೆ. ನೀರಿನ ಬಾಟಲಿಯ ಪಕ್ಕದಲ್ಲಿ 0.9 ಪ್ರತಿಶತ ಉಪ್ಪುನೀರಿನ ಇನ್ನೊಂದು ಬಾಟಲಿ ಇಡುವುದು ಕಡ್ಡಾಯ. ದೇಹದಲ್ಲಿ ಸೋಡಿಯಂ ಇಳಿದರೆ ಮೂತ್ರಪಿಂಡ ಸೋಡಿಯಂ ಜೊತೆಗೆ ಲಿಥಿಯಂ ಅನ್ನೂ ಹಿಡಿದಿಟ್ಟುಕೊಂಡು ವಿಷವೇರುತ್ತದೆ. ಹೋಲಿಕೆಯ ಗುಂಪಿಗೂ ಅದೇ ಉಪ್ಪುನೀರು, ಅಷ್ಟೇ ಸಲ ಹಾಸು ಬದಲಾವಣೆ ಇರಬೇಕು. ಇಲ್ಲದಿದ್ದರೆ ಒಂದು ಗುಂಪನ್ನು ಪದೇ ಪದೇ ಎತ್ತಿಟ್ಟದ್ದೇ ವ್ಯತ್ಯಾಸಕ್ಕೆ ಕಾರಣವಾಗಿಬಿಡುತ್ತದೆ.

ರಕ್ತ ತೆಗೆಯುವಾಗಿನ ಒಂದು ತಪ್ಪು ತೀರಾ ಸಾಮಾನ್ಯ, ತೀರಾ ದುಬಾರಿ. ಹೆಪ್ಪುಗಟ್ಟದಂತೆ ತಡೆಯುವ ಹಸಿರು ಮುಚ್ಚಳದ ಟ್ಯೂಬುಗಳಲ್ಲಿ ಬಹಳಷ್ಟರಲ್ಲಿ ಇರುವುದು ಲಿಥಿಯಂ ಹೆಪಾರಿನ್. ಅದರಲ್ಲಿ ರಕ್ತ ಹಿಡಿದರೆ ಟ್ಯೂಬಿನ ಲಿಥಿಯಂ ಸೇರಿ, ಲಿಥಿಯಂ ಮುಟ್ಟದ ಪ್ರಾಣಿಯಲ್ಲೂ ಮಟ್ಟ ಇದೆಯೆಂದು ಯಂತ್ರ ಹೇಳುತ್ತದೆ. ಸೀರಂ ಟ್ಯೂಬ್ ಅಥವಾ ಸೋಡಿಯಂ ಹೆಪಾರಿನ್ ಬಳಸಬೇಕು. ಗಂಟೆಯೂ ಮುಖ್ಯ. ಚಿಟ್ಟಿಲಿ ತಿನ್ನುವುದು ರಾತ್ರಿ, ಆದ್ದರಿಂದ ಬೆಳಗ್ಗೆ ತೆಗೆದ ಮಟ್ಟವೂ ಸಂಜೆಯ ಮಟ್ಟವೂ ಒಂದೇ ಆಗುವುದಿಲ್ಲ.

ಜೀನ್ ಬದಲಿಸಿದ ಚಿಟ್ಟಿಲಿಗಳು

ಮದ್ದು ಚುಚ್ಚಿ ತರಿಸಿದ ಓಡಾಟ ಮದ್ದು ಇಳಿದ ಕೂಡಲೇ ಹೋಗುತ್ತದೆ. ಹುಟ್ಟಿನಿಂದಲೇ ಒಲವಿರುವ ಪ್ರಾಣಿ ಬೇಕೆಂಬ ಹುಡುಕಾಟದಲ್ಲಿ ಹೆಸರಾದದ್ದು ಕ್ಲಾಕ್ ಡೆಲ್ಟಾ 19 ಎಂಬ ಚಿಟ್ಟಿಲಿ. ದೇಹದ ದಿನಚಕ್ರ ನಡೆಸುವ ಕ್ಲಾಕ್ ಜೀನ್ ಇದರಲ್ಲಿ ಕೆಟ್ಟಿರುತ್ತದೆ. 1994ರಲ್ಲಿ ಜೋಸೆಫ್ ತಕಹಾಶಿ ಅವರ ತಂಡ ನಿದ್ದೆ-ಎಚ್ಚರದ ಚಕ್ರ ಅರಿಯಲೆಂದು ಈ ರೂಪಾಂತರವನ್ನು ಕಂಡುಕೊಂಡಿತ್ತು. 2007ರಲ್ಲಿ ಕಾಲೀನ್ ಮೆಕ್ಲಂಗ್ ಮತ್ತು ಸಂಗಡಿಗರು ಇದನ್ನೇ ಮನಸ್ಥಿತಿಯ ಪರೀಕ್ಷೆಗಳಿಗೆ ಒಡ್ಡಿದರು. ಕಡಿಮೆ ನಿದ್ದೆ, ಹೆಚ್ಚು ಓಡಾಟ, ಬಯಲಿಗೆ ಬರಲು ಹೆದರದಿರುವುದು, ಸಕ್ಕರೆ ಮತ್ತು ಕೊಕೇನ್‌ನ ಹೆಚ್ಚಿನ ಸೆಳೆತ, ಎಲ್ಲವೂ ಒಂದೇ ಪ್ರಾಣಿಯಲ್ಲಿ ಕಂಡವು. ಕುಡಿಯುವ ನೀರಿನಲ್ಲಿ ಲಿಥಿಯಂ ಕೊಟ್ಟಾಗ ಇವುಗಳಲ್ಲಿ ಹಲವು ಸಾಮಾನ್ಯ ಮಟ್ಟಕ್ಕೆ ಮರಳಿದವು. ಡೋಪಮೈನ್ ಕೋಶಗಳು ಇರುವ ನಡುಮೆದುಳಿನ ಒಂದು ಪುಟ್ಟ ಭಾಗಕ್ಕೆ ಮಾತ್ರ ಸರಿಯಾದ ಜೀನನ್ನು ವೈರಸ್ ಮೂಲಕ ಮರಳಿ ಕೊಟ್ಟಾಗಲೂ ಓಡಾಟ ತಗ್ಗಿತು. ಈ ಎರಡನೆಯ ಫಲಿತಾಂಶವೇ ಹೆಚ್ಚು ಬೆಲೆಯುಳ್ಳದ್ದು. ಹೊಟ್ಟೆ ತೊಳಸಿ ಸುಮ್ಮನಾಯಿತೇ ಎಂಬ ಅನುಮಾನಕ್ಕೆ ಅಲ್ಲಿ ಎಡೆಯಿಲ್ಲ.

ಮನುಷ್ಯರಲ್ಲಿ ಮಾತ್ರ ಕ್ಲಾಕ್ ಜೀನ್ ಒಂದೇ ಕೆಟ್ಟು ಬೈಪೋಲಾರ್ ಬರುವುದಿಲ್ಲ. 2021ರಲ್ಲಿ 40,000ಕ್ಕೂ ಹೆಚ್ಚು ರೋಗಿಗಳ ಜೀನ್ ಹೋಲಿಸಿದ ಅಧ್ಯಯನ ಡಿಎನ್‌ಎಯಲ್ಲಿ ಕಾಯಿಲೆಯ ಒಲವಿಗೆ ನಂಟಿರುವ 64 ಕಡೆಗಳನ್ನು ಗುರುತಿಸಿತು. ಒಂದೊಂದರ ಪಾಲೂ ತೀರಾ ಸಣ್ಣದು. ಒಂದು ಜೀನನ್ನು ಪೂರ್ತಿ ಕಿತ್ತು ಮಾಡಿದ ಚಿಟ್ಟಿಲಿ ನೂರಾರು ಸಣ್ಣ ಒಲವುಗಳು ಸೇರಿ ಬಂದ ಮನುಷ್ಯನ ಕಾಯಿಲೆಗೆ ಹತ್ತಿರದ ಸಂಬಂಧಿಯಲ್ಲ. ಆ ಪಟ್ಟಿಯಲ್ಲಿ ಬಹಳ ಹಿಂದಿನಿಂದ ಇರುವ ಆ್ಯಂಕ್3 ಜೀನನ್ನು ಮುಂಮೆದುಳಿನಲ್ಲಿ ಮಾತ್ರ ತೆಗೆದ ಚಿಟ್ಟಿಲಿಗಳು ಅತಿಯಾಗಿ ಓಡಾಡುತ್ತವೆ. ಬೇರೆ ದೊಡ್ಡ ಚಿಟ್ಟಿಲಿಯಿಂದ ಪದೇ ಪದೇ ಸೋಲಿಸಿದರೆ ಖಿನ್ನತೆಯಂಥ ವರ್ತನೆಗೆ ಹೊರಳುತ್ತವೆ. ಒಂದೇ ಪ್ರಾಣಿಯಲ್ಲಿ ಎರಡು ತುದಿಯೂ ಕಂಡ ಕೆಲವೇ ಮಾದರಿಗಳಲ್ಲಿ ಇದೊಂದು. 2013ರಲ್ಲಿ ವರದಿಯಾದ ಶ್ಯಾಂಕ್3 ಚಿಟ್ಟಿಲಿಯಲ್ಲಿ ಆ ಪ್ರೋಟೀನ್ ಸುಮಾರು ಒಂದೂವರೆ ಪಟ್ಟು ಇತ್ತು. ಅದರ ಓಡಾಟ ವಾಲ್‌ಪ್ರೋಯೇಟ್‌ಗೆ ಬಗ್ಗಿತು, ಲಿಥಿಯಂಗೆ ಬಗ್ಗಲಿಲ್ಲ. ಇದನ್ನು ಮಾದರಿಯ ಸೋಲೆಂದು ಬರೆದುಬಿಡುವುದು ಆತುರ. ರೋಗಿಗಳಲ್ಲೂ ಲಿಥಿಯಂಗೆ ತುಂಬ ಚೆನ್ನಾಗಿ ಒಗ್ಗುವವರು ಸುಮಾರು ಮೂರರಲ್ಲೊಬ್ಬರು. ಒಗ್ಗದ ಪ್ರಾಣಿಯೊಂದು ಕೈಯಲ್ಲಿರುವುದು ಅಧ್ಯಯನಕ್ಕೆ ಲಾಭವೇ.

ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ಮಾರ್ಕ್ ಗೈಯರ್, ವಿಲಿಯಂ ಪೆರ‍್ರಿ ಮತ್ತು ಸಂಗಡಿಗರು ತಿರುಗುಮುರುಗಾಗಿ ಯೋಚಿಸಿದರು. ಇಲಿಯ ಪರೀಕ್ಷೆಯನ್ನೇ ಮನುಷ್ಯರಿಗೆ ಯಾಕೆ ಮಾಡಬಾರದು? ಅಪರಿಚಿತ ಕೋಣೆಯೊಂದರಲ್ಲಿ ಅಲ್ಲಲ್ಲಿ ಸಣ್ಣ ವಸ್ತುಗಳನ್ನಿಟ್ಟು, ರೋಗಿಯನ್ನು ಏನೂ ಹೇಳದೆ 15 ನಿಮಿಷ ಅಲ್ಲಿ ಬಿಟ್ಟು, ಮರೆಯ ಕ್ಯಾಮೆರಾದಿಂದ ನಡಿಗೆಯನ್ನು ಗುರುತಿಸಿದರು. 2009ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಉನ್ಮಾದದಲ್ಲಿದ್ದವರು ಮೂರು ಸಂಗತಿ ತೋರಿದರು: ಹೆಚ್ಚು ಓಡಾಟ, ವಸ್ತುಗಳನ್ನು ಹೆಚ್ಚು ಮುಟ್ಟಿ ನೋಡುವುದು, ಮತ್ತು ನೇರ ದಾರಿಗಳಲ್ಲಿ ನಡೆಯುವುದು. ಇದನ್ನು ಹಿಡಿದು ಚಿಟ್ಟಿಲಿಗಳತ್ತ ತಿರುಗಿದಾಗ, ಆಂಫೆಟಮಿನ್ ಕೊಟ್ಟವು ಓಡಾಡಿದರೂ ಮೂರೂ ಲಕ್ಷಣ ಕೂಡಿ ಬರಲಿಲ್ಲ. ಡೋಪಮೈನನ್ನು ಕೋಶದೊಳಕ್ಕೆ ಮರಳಿ ಎಳೆಯುವ ಪ್ರೋಟೀನ್ ಸಾಮಾನ್ಯದ ಹತ್ತನೇ ಒಂದು ಭಾಗಕ್ಕೆ ಇಳಿದಿರುವ ಚಿಟ್ಟಿಲಿಗಳಲ್ಲಿ ಮೂರೂ ಕಂಡವು. ಓಡಾಟದ ಪ್ರಮಾಣಕ್ಕಿಂತ ಅದರ ಆಕಾರವೇ ಹೆಚ್ಚು ಹೇಳುತ್ತದೆ ಎಂದು ತೋರಿಸಿಕೊಟ್ಟ ಈ ಕೆಲಸ, ನಮ್ಮ ಮಟ್ಟಿಗೆ, ಈ ಕ್ಷೇತ್ರದಲ್ಲಿ ನಡೆದ ಅತ್ಯಂತ ಪ್ರಾಮಾಣಿಕ ಪ್ರಯತ್ನಗಳಲ್ಲೊಂದು.

ಖಿನ್ನತೆಯ ಕಡೆ, ಮತ್ತು ಹೊರಳುವಿಕೆ

ಖಿನ್ನತೆ ಅಳೆಯಲು ದಶಕಗಳಿಂದ ಬಳಸಿದ್ದು 1977ರ ಈಜು ಪರೀಕ್ಷೆ. ಸುಮಾರು 25 ಡಿಗ್ರಿ ನೀರಿರುವ ಗಾಜಿನ ಜಾಡಿಯಲ್ಲಿ, ಬಾಲ ತಳ ಮುಟ್ಟದಷ್ಟು ಆಳಕ್ಕೆ, ಚಿಟ್ಟಿಲಿಯನ್ನು ಆರು ನಿಮಿಷ ಬಿಟ್ಟು ಕೊನೆಯ ನಾಲ್ಕು ನಿಮಿಷದಲ್ಲಿ ಎಷ್ಟು ಹೊತ್ತು ಅಲುಗದೆ ತೇಲಿತು ಎಂದು ಎಣಿಸುತ್ತಾರೆ. ತೇಲುವುದನ್ನು ಹತಾಶೆ ಎಂದು ಓದುವುದು ರೂಢಿ. ತಪ್ಪಿಸಿಕೊಳ್ಳಲು ದಾರಿಯಿಲ್ಲದಲ್ಲಿ ಶಕ್ತಿ ಉಳಿಸಿಕೊಳ್ಳುವ ಜಾಣತನ ಎಂದೂ ಅದನ್ನು ಅಷ್ಟೇ ಚೆನ್ನಾಗಿ ಓದಬಹುದು. 2023ರಲ್ಲಿ ಆಸ್ಟ್ರೇಲಿಯಾದ ವೈದ್ಯಕೀಯ ಸಂಶೋಧನಾ ಮಂಡಳಿ ಇದನ್ನು ಖಿನ್ನತೆಯ ಮಾದರಿಯಾಗಿ ಬಳಸುವುದು ಸರಿಯಲ್ಲವೆಂದು ಹೇಳಿತು. ಬೈಪೋಲಾರ್ ಸಂಶೋಧನೆಯಲ್ಲಿ ಇನ್ನೊಂದು ವಿಶೇಷ ತೊಡಕಿದೆ. ಎಲ್ಲ ಕಡೆಯೂ ಹೆಚ್ಚು ಅಲುಗುವ ಪ್ರಾಣಿ ನೀರಿನಲ್ಲೂ ಹೆಚ್ಚು ಅಲುಗುತ್ತದೆ. ಅದನ್ನು ‘ಖಿನ್ನತೆ ಕಡಿಮೆ’ ಎಂದರೆ ಒಂದೇ ಓಡಾಟವನ್ನು ಎರಡು ಹೆಸರಲ್ಲಿ ಎರಡು ಸಲ ಎಣಿಸಿದಂತಾಯಿತು. ಲಿಥಿಯಂ ಪರಿಣಾಮ ಕೂಡ ತಳಿಯಿಂದ ತಳಿಗೆ ಬದಲಾಗುತ್ತದೆ. ಬ್ಲ್ಯಾಕ್ ಸಿಕ್ಸ್ ಎಂದು ಕರೆಯುವ ಕಪ್ಪು ತಳಿಯಲ್ಲಿ ಕಾಣುವುದು ಬೇರೆ ಕೆಲವು ತಳಿಗಳಲ್ಲಿ ಕಾಣುವುದಿಲ್ಲ.

ಇದರ ಬದಲು ಹಲವರು ಸಕ್ಕರೆ ನೀರಿನ ಪರೀಕ್ಷೆ ನೆಚ್ಚುತ್ತಾರೆ. ಎರಡು ಬಾಟಲಿ, ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ 1 ಪ್ರತಿಶತ ಸಕ್ಕರೆ. ಖುಷಿಯ ಸೆಳೆತ ಕುಗ್ಗಿದ ಪ್ರಾಣಿ ಸಕ್ಕರೆಯ ಕಡೆ ಅಷ್ಟು ವಾಲುವುದಿಲ್ಲ. ಬಾಟಲಿಗಳ ಜಾಗವನ್ನು ಅದಲುಬದಲು ಮಾಡದಿದ್ದರೆ ಅಳೆದದ್ದು ಎಡ-ಬಲದ ಅಭ್ಯಾಸವನ್ನು. ಲಿಥಿಯಂ ಮೇಲಿರುವ ಪ್ರಾಣಿ ಬಾಯಾರಿ ಎಲ್ಲವನ್ನೂ ಕುಡಿಯುವುದರಿಂದ ಒಟ್ಟು ಮಿಲೀ ಲೆಕ್ಕಕ್ಕೆ ಬಾರದು, ಅನುಪಾತವನ್ನೇ ನೋಡಬೇಕು.

ಎರಡು ತುದಿಗಳ ನಡುವೆ ತಾನಾಗಿ ಹೊರಳುವುದು ಬೈಪೋಲಾರ್‌ನ ತಿರುಳು, ಮಾದರಿಗಳು ಅತಿ ಬಡವಾಗಿರುವುದೂ ಅಲ್ಲೇ. ಆಸೆ ಹುಟ್ಟಿಸುವ ಕೆಲವು ಕೆಲಸಗಳಿವೆ. ಜಪಾನಿನ ತದಾಫುಮಿ ಕಾಟೋ ಅವರ ತಂಡ ಮೆದುಳಿನ ಮೈಟೋಕಾಂಡ್ರಿಯಾ ಡಿಎನ್‌ಎ ಕೆಡುವಂತೆ ಮಾಡಿದ ಚಿಟ್ಟಿಲಿಗಳನ್ನು ತಿಂಗಳುಗಟ್ಟಲೆ ಓಡುಚಕ್ರದಲ್ಲಿ ಗಮನಿಸಿತು. ಸರಾಸರಿ ಆರು ತಿಂಗಳಿಗೊಮ್ಮೆ, ಎರಡು ವಾರದಷ್ಟು ಕಾಲ, ಯಾರೂ ಏನೂ ಮಾಡದೆಯೇ ಅವುಗಳ ಚಟುವಟಿಕೆ ಕುಸಿದು ತಾನಾಗಿ ಮರಳುತ್ತಿತ್ತು. ಡೋಪಮೈನ್ ಮರಳಿ ಎಳೆಯುವ ಪ್ರೋಟೀನ್ ಇಳಿದ ಚಿಟ್ಟಿಲಿಗಳ ಬೆಳಕು-ಕತ್ತಲಿನ ಉದ್ದ ಬದಲಿಸಿ, ಅವು ಚುರುಕಾಗಿರುವ ಹೊತ್ತನ್ನು ಚಿಕ್ಕದಾಗಿಸಿದರೆ ಖಿನ್ನತೆಯತ್ತಲೂ, ಉದ್ದವಾಗಿಸಿದರೆ ಉನ್ಮಾದದತ್ತಲೂ ವಾಲುತ್ತವೆ ಎಂದು 2018ರಲ್ಲಿ ವರದಿಯಾಯಿತು. ಇಂಥವಕ್ಕೆ ಐದು ನಿಮಿಷದ ಪೆಟ್ಟಿಗೆ ಸಾಲದು. ಪ್ರಾಣಿಯನ್ನು ಅದರ ಸ್ವಂತ ಪಂಜರದಲ್ಲೇ ಹಗಲಿರುಳು ತಿಂಗಳುಗಟ್ಟಲೆ ಅಳೆಯಬೇಕು. ಖರ್ಚು ಹೆಚ್ಚು, ಪ್ರಬಂಧ ತಡವಾಗುತ್ತದೆ. ಆದರೆ ಈ ಕಾಯಿಲೆಗೆ ಹತ್ತಿರವಾಗಲು ಅಡ್ಡದಾರಿಯಿಲ್ಲ.

ಚಿಟ್ಟಿಲಿ ರಾತ್ರಿಯ ಪ್ರಾಣಿ ಎಂಬುದೂ ಎಷ್ಟೋ ವರದಿಗಳಲ್ಲಿ ಮರೆತುಹೋಗಿರುತ್ತದೆ. ಹಗಲು ಹತ್ತು ಗಂಟೆಗೆ ಪರೀಕ್ಷಿಸುವುದೆಂದರೆ ನಡುರಾತ್ರಿ ಎಬ್ಬಿಸಿ ಪರೀಕ್ಷೆ ಬರೆಸಿದ ಹಾಗೆ. ಕ್ಲಾಕ್ ಚಿಟ್ಟಿಲಿಯ ಉನ್ಮಾದದಂಥ ವರ್ತನೆ ಹಗಲಿನಲ್ಲಿ ಮಾತ್ರ ಕಂಡು ರಾತ್ರಿ ಸಾಮಾನ್ಯವಾಗಿತ್ತು, ಹಗಲಿನಲ್ಲಿ ಡೋಪಮೈನ್ ಚಟುವಟಿಕೆ ಏರುವುದೇ ಅದಕ್ಕೆ ಕಾರಣ ಎಂದು 2015ರ ಕೆಲಸ ತೋರಿಸಿತು. ಗಂಟೆ ಬರೆದಿಡದ ಫಲಿತಾಂಶ ಇಲ್ಲಿ ಅರ್ಧ ಫಲಿತಾಂಶ.

ಒಂದೇ ಪ್ರಯೋಗ, ಬೇರೆ ಬೇರೆ ಉತ್ತರ

1999ರಲ್ಲಿ ಆಲ್ಬನಿ, ಪೋರ್ಟ್‌ಲ್ಯಾಂಡ್ ಮತ್ತು ಎಡ್ಮಂಟನ್‌ನ ಮೂರು ಲ್ಯಾಬುಗಳು ಒಂದೇ ತಳಿಗಳನ್ನು, ಒಂದೇ ಉಪಕರಣದಿಂದ, ಒಂದೇ ಹೊತ್ತಿಗೆ ಪರೀಕ್ಷಿಸಿದವು. ಆದರೂ ಕೆಲವು ಪರೀಕ್ಷೆಗಳಲ್ಲಿ ಉತ್ತರ ಬೇರೆಯಾದವು. ಕಾರಣಗಳು ಸಣ್ಣವಾಗಿರುತ್ತವೆ. ಬಾಲ ಹಿಡಿದು ಎತ್ತಿದ ಚಿಟ್ಟಿಲಿ ಕೊಳವೆಯಲ್ಲಿ ಅಥವಾ ಅಂಗೈಯಲ್ಲಿ ಎತ್ತಿದ್ದಕ್ಕಿಂತ ಹೆಚ್ಚು ಅಂಜುತ್ತದೆ. ಗಂಡಸಿನ ಮೈವಾಸನೆಗೇ ಇಲಿಗಳ ಒತ್ತಡ ಏರುತ್ತದೆ ಎಂದು 2014ರಲ್ಲಿ ತೋರಿಸಲಾಯಿತು. ಹೆಣ್ಣು ಪ್ರಾಣಿಗಳನ್ನು ಬಿಟ್ಟು ಗಂಡುಗಳನ್ನು ಮಾತ್ರ ಬಳಸಿದ ಅಧ್ಯಯನಗಳು ರಾಶಿಯಿವೆ, ಕಾಯಿಲೆಯಾದರೋ ಎರಡೂ ಲಿಂಗದವರಿಗೆ ಬರುತ್ತದೆ.

ಲೆಕ್ಕದಲ್ಲೂ ಒಂದು ಮೋಸ ಅಡಗಿದೆ. ಒಂದೊಂದರಲ್ಲಿ ನಾಲ್ಕರಂತೆ ಮೂರು ಪಂಜರಗಳಿಗೆ ಲಿಥಿಯಂ ಆಹಾರ ಹಾಕಿದರೆ ಚಿಟ್ಟಿಲಿ 12 ಆದರೂ, ಮದ್ದು ಹಂಚಿದ್ದು ಪಂಜರಕ್ಕೆ. ಹಾಗಾಗಿ ಸಂಖ್ಯಾಶಾಸ್ತ್ರದ ಪ್ರಕಾರ ನಿಮ್ಮಲ್ಲಿರುವುದು ಮೂರು ಅಳತೆ. ಯಾವ ಪಂಜರಕ್ಕೆ ಯಾವ ಆಹಾರ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಬೇಕು, ವೀಡಿಯೊ ಎಣಿಸುವವರಿಗೆ ಗುಂಪು ತಿಳಿದಿರಬಾರದು. ಲಿಥಿಯಂ ಪಂಜರದ ಹಾಸು ಒದ್ದೆಯಾಗಿರುವುದರಿಂದ, ಪ್ರಾಣಿಯನ್ನು ತಂದುಕೊಡುವ ಕೆಲಸವನ್ನೇ ಬೇರೊಬ್ಬರಿಗೆ ಒಪ್ಪಿಸದಿದ್ದರೆ ಗುಟ್ಟು ಉಳಿಯುವುದಿಲ್ಲ.

ಭಾರತದಲ್ಲಿ ಇಂಥ ಕೆಲಸ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ನಡೆಯುತ್ತದೆ. ಪ್ರತಿ ಸಂಸ್ಥೆಯಲ್ಲೂ ಪ್ರಾಣಿ ನೀತಿ ಸಮಿತಿ ಇರಬೇಕು. ಅದರಲ್ಲಿ ಪಶುವೈದ್ಯರು, ಹೊರಗಿನ ವಿಜ್ಞಾನಿ, ವಿಜ್ಞಾನಿಯಲ್ಲದ ಸಾಮಾಜಿಕ ಕಾಳಜಿಯ ವ್ಯಕ್ತಿ ಮತ್ತು ಕೇಂದ್ರ ಸಮಿತಿಯ ಪ್ರತಿನಿಧಿ ಕೂರುತ್ತಾರೆ. ಅರ್ಜಿಯಲ್ಲಿ ಎಷ್ಟು ಪ್ರಾಣಿ, ಯಾಕೆ ಅಷ್ಟೇ, ನೋವು ತಗ್ಗಿಸಲು ಏನು, ಯಾವ ಹಂತದಲ್ಲಿ ಪ್ರಯೋಗ ನಿಲ್ಲಿಸುತ್ತೀರಿ ಎಂದು ಬರೆಯಬೇಕು. ಲಿಥಿಯಂ ಕೆಲಸದಲ್ಲಿ ಆ ಹಂತವನ್ನು ಮೊದಲೇ ಅಂಕಿಯಲ್ಲಿ ಬರೆದಿಡುವುದು ಅಗತ್ಯ. ತೂಕ 20 ಪ್ರತಿಶತ ಇಳಿದರೆ, ನಡುಕ ಬಂದರೆ, ಬೆನ್ನು ಗೂನಾಗಿ ರೋಮ ಕೆದರಿ ಕೂತರೆ ಅಲ್ಲಿಗೆ ಆ ಪ್ರಾಣಿಯ ಪ್ರಯೋಗ ಮುಗಿಯಿತು. ಪ್ರಬಂಧ ಮುಗಿಯದಿದ್ದರೂ ಸರಿ.

ಪ್ರಾಣಿಯನ್ನು ಬಿಟ್ಟು ನಡೆಯುವ ಕೆಲಸವೂ ಬೆಳೆಯುತ್ತಿದೆ, ಅದರ ಒಂದು ಗಟ್ಟಿ ನೆಲೆ ಬೆಂಗಳೂರಿನಲ್ಲೇ ಇದೆ. ನಿಮ್ಹಾನ್ಸ್ ಆಸ್ಪತ್ರೆ ಮತ್ತು ಎನ್‌ಸಿಬಿಎಸ್, ಇನ್‌ಸ್ಟೆಮ್ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಗಳು ಸೇರಿ, ಹಲವರಿಗೆ ಮಾನಸಿಕ ಕಾಯಿಲೆ ಇರುವ ಕುಟುಂಬಗಳ ಸದಸ್ಯರಿಂದ ರಕ್ತ ಪಡೆದು, ಆ ಕೋಶಗಳನ್ನು ಕಾಂಡಕೋಶವಾಗಿಸಿ, ಅದರಿಂದ ನರಕೋಶ ಬೆಳೆಸುತ್ತವೆ. ಒಂದೇ ಮನೆಯ ಕಾಯಿಲೆಯಿರುವವರ ಮತ್ತು ಇಲ್ಲದವರ ನರಕೋಶಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಅಮೆರಿಕದ ಸಾಲ್ಕ್ ಸಂಸ್ಥೆಯ ತಂಡ 2015ರಲ್ಲಿ ಈ ವಿಧಾನದಿಂದ, ಬೈಪೋಲಾರ್ ರೋಗಿಗಳ ನರಕೋಶಗಳು ಅತಿಯಾಗಿ ಉದ್ರೇಕಗೊಳ್ಳುತ್ತವೆ ಎಂದು ತೋರಿಸಿತು. ಲಿಥಿಯಂ ಹಾಕಿದಾಗ ಆ ಉದ್ರೇಕ ಇಳಿದದ್ದು, ಲಿಥಿಯಂಗೆ ಒಗ್ಗಿದ ರೋಗಿಗಳಿಂದ ಬಂದ ಕೋಶಗಳಲ್ಲಿ ಮಾತ್ರ. ಒಂದೇ ತಳಿಯ, ಎಲ್ಲವೂ ಅವಳಿಗಳಂತಿರುವ ಚಿಟ್ಟಿಲಿಗಳಲ್ಲಿ ಈ ವ್ಯತ್ಯಾಸ ಕಾಣುವುದು ಸಾಧ್ಯವೇ ಇರಲಿಲ್ಲ.

ತಟ್ಟೆಯಲ್ಲಿ ಬೆಳೆದ ನರಕೋಶ ನಿದ್ದೆ ಮಾಡುವುದಿಲ್ಲ, ಸಕ್ಕರೆ ಬೇಕೆನ್ನುವುದಿಲ್ಲ, ಹಗಲು ಉದ್ದವಾದದ್ದು ಅದಕ್ಕೆ ಗೊತ್ತಾಗುವುದಿಲ್ಲ. ಅದಕ್ಕೇ ಈಗ ಎರಡನ್ನೂ ಒಂದೇ ಜೀನಿನ ಮೇಲೆ ಜೋಡಿಸುತ್ತಿದ್ದಾರೆ. 2022ರಲ್ಲಿ ಸಾವಿರಾರು ರೋಗಿಗಳ ಡಿಎನ್‌ಎ ಓದಿದಾಗ ಅಪರೂಪಕ್ಕೆ ಕೆಟ್ಟರೂ ಅಪಾಯವನ್ನು ಗಣನೀಯವಾಗಿ ಏರಿಸುವ ಏಕಾಪ್11 ಎಂಬ ಜೀನ್ ಕಾಣಿಸಿಕೊಂಡಿತು. ಅದರ ಪ್ರೋಟೀನ್ ಹಿಡಿದುಕೊಳ್ಳುವುದು ಜಿಎಸ್‌ಕೆ-3 ಎಂಬ ಕಿಣ್ವವನ್ನು. ಲಿಥಿಯಂ ಆ ಕಿಣ್ವವನ್ನೇ ತಡೆಯುತ್ತದೆ ಎಂಬುದು 1996ರಿಂದ ಗೊತ್ತು. ಏಕಾಪ್11 ಕೆಟ್ಟ ಚಿಟ್ಟಿಲಿಯ ನಿದ್ದೆಯನ್ನೂ, ಏಕಾಪ್11 ಕೆಟ್ಟ ಮನುಷ್ಯ ನರಕೋಶದ ಉದ್ರೇಕವನ್ನೂ ಒಟ್ಟೊಟ್ಟಿಗೆ ಅಳೆಯಬಹುದು. ಲಿಥಿಯಂ ಕೊಟ್ಟಾಗ ಎರಡೂ ಕಡೆ ಒಂದೇ ಬದಲಾವಣೆ ಕಂಡರೆ, ಹೊಟ್ಟೆ ತೊಳಸಿ ಸುಮ್ಮನಾದ ಪ್ರಾಣಿ ಎಂಬ ಅನುಮಾನ ಅಲ್ಲಿ ನಿಲ್ಲುವುದಿಲ್ಲ. ತಟ್ಟೆಯ ಕೋಶಕ್ಕೆ ಹೊಟ್ಟೆಯೇ ಇಲ್ಲ.